ಬೆವರು, ಸೆಲ್, ವೈರ್: ರಂಗದ ಮೇಲೆ ಕಾರ್ಡ್‌ಲೆಸ್ ಮೈಕ್ ನಾನು ನಡೆಸುವ ಬಗೆ

ದಾವಣಗೆರೆ ಸುತ್ತಮುತ್ತ ಮೈಕ್ ಸೆಟ್ಟಿನವರ ಬಾಯಲ್ಲಿ ವೈರ್‌ಲೆಸ್ ಮೈಕಿಗೆ ಇವತ್ತಿಗೂ ‘ಕಾರ್ಡ್‌ಲೆಸ್’ ಅಂತಲೇ ಹೆಸರು. ನಾಟಕ, ದೊಡ್ಡಾಟ, ರಸಮಂಜರಿ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ನಾನು ಒಯ್ಯುವುದು ಎಂಟು ಚಾನೆಲ್ಲಿನ ಸೆಟ್ಟು: ಆರು ಬಾಡಿಪ್ಯಾಕ್ (ನಟನ ಸೊಂಟಕ್ಕೆ ಕಟ್ಟುವ, ಮಾತನ್ನು ರೇಡಿಯೋದಲ್ಲಿ ಕಳಿಸುವ ಡಬ್ಬಿ), ಎರಡು ಹ್ಯಾಂಡ್ ಮೈಕ್. ಆಟದ ನಡುವೆ ಮೈಕ್ ಕೈಕೊಟ್ಟರೆ ಜನ ಮೊದಲು ದೂರುವುದು ಫ್ರೀಕ್ವೆನ್ಸಿಯನ್ನು, ಆಮೇಲೆ ಮೈಕ್ ಮಾಡಿದ ಕಂಪನಿಯನ್ನು. ಬಿಚ್ಚಿ ನೋಡಿದರೆ ರೇಡಿಯೋ ಭಾಗ ಕೆಟ್ಟಿರುವುದು ತೀರ ಅಪರೂಪ. ಕೆಡುವುದು ನಟನ ಬಾಯಿಂದ ಸೊಂಟದವರೆಗಿನ ಒಂದೂಕಾಲು ಮೀಟರ್ ವೈರು, ಅದರ ಎರಡು ತುದಿ, ಪ್ಯಾಕಿನೊಳಗಿನ ಎರಡು ಸೆಲ್. ಅದಕ್ಕೇ ನನ್ನ ಕೆಲಸದ ಮುಕ್ಕಾಲು ಪಾಲು ಮುಗಿಯುವುದು ಮಿಕ್ಸರ್ ಮುಂದೆ ಕೂರುವ ಮೊದಲೇ, ಬಣ್ಣದ ಮನೆಯಲ್ಲಿ.

ಬಣ್ಣದ ಮನೆಯಲ್ಲಿ

ಮುಖಕ್ಕೆ ಬಣ್ಣ ಹತ್ತುವ ಮುಂಚೆ ಮೈಕ್ ಅಂಟಿಸಬೇಕು. ಬಣ್ಣದ ಮೇಲೆ ಟೇಪ್ ನಿಲ್ಲುವುದಿಲ್ಲ. ಎಣ್ಣೆ, ಪೌಡರು, ಬೆವರು ಸೇರಿ ಎರಡನೇ ದೃಶ್ಯಕ್ಕೇ ಜಾರುತ್ತದೆ. ನಾನು ಬಳಸುವುದು ಮೆಡಿಕಲ್ ಶಾಪಿನಲ್ಲಿ ಸಿಗುವ ಅರ್ಧ ಇಂಚಿನ ಪಾರದರ್ಶಕ ಸರ್ಜಿಕಲ್ ಟೇಪು. ಬಿಳಿ ಪೇಪರ್ ಟೇಪು ಬೆವರಿಗೆ ಬೇಗ ಏಳುತ್ತದೆ. ವೈರಿಂಗ್ ಟೇಪು, ಸೆಲ್ಲೋ ಟೇಪು ಚರ್ಮಕ್ಕೆ ಹಾಕಲೇಬಾರದು, ಬಿಡಿಸುವಾಗ ಚರ್ಮ ಕಿತ್ತು ಬರುತ್ತದೆ. ಅಂಟಿಸುವ ಜಾಗವನ್ನು ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ಟೇಪು ಒತ್ತಬೇಕು. ಅದರ ಮೇಲೆ ಬಣ್ಣ ಹಚ್ಚಿದರೆ ಟೇಪೂ ವೈರೂ ಎರಡನೇ ಸಾಲಿನವರಿಗೂ ಕಾಣುವುದಿಲ್ಲ. ಮೈಕಿನ ತಲೆಗೆ ಮಾತ್ರ ಬಣ್ಣ ತಾಗಬಾರದು. ಬಣ್ಣ ಹಚ್ಚುವಷ್ಟು ಹೊತ್ತು ಅದರ ಮೇಲೆ ಬಾಲ್‌ಪೆನ್ನಿನ ಮುಚ್ಚಳದ ತುದಿ ಕತ್ತರಿಸಿ ಟೊಪ್ಪಿಗೆ ಥರ ಹಾಕಿಡುತ್ತೇನೆ.

ಎಲ್ಲಿ ಅಂಟಿಸಬೇಕು ಅನ್ನುವುದು ವೇಷದ ಮೇಲೆ ಹೋಗುತ್ತದೆ. ಸಾಮಾಜಿಕ ನಾಟಕದಲ್ಲಿ ವಿಗ್ ಇದ್ದರೆ ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯೇ ಒಳ್ಳೆಯ ಜಾಗ. ಮೈಕಿನ ತಲೆ ಎರಡು ಮಿಲಿಮೀಟರ್ ಮಾತ್ರ ಹೊರಗೆ, ವೈರು ವಿಗ್ಗಿನೊಳಗಿಂದ ಕತ್ತಿನ ಹಿಂದಕ್ಕೆ. ಅಲ್ಲಿಂದ ಬಾಯಿಗೆ ಇರುವ ದೂರ ನಟ ಎತ್ತ ತಿರುಗಿದರೂ ಬದಲಾಗುವುದಿಲ್ಲ. ಕಾಲರ್ ಮೈಕಿನ ದೊಡ್ಡ ತೊಂದರೆಯೇ ಅದು. ಎದೆಯ ಮೇಲೆ, ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಮುಖ ಬಲಕ್ಕೆ ಹೊರಳಿದ ಕೂಡಲೇ ಮಾತು ಸಣ್ಣಗಾಗುತ್ತದೆ. ಜೊತೆಗೆ ಸೆರಗು, ಹಾರ, ಶಲ್ಯ ಉಜ್ಜುವ ಸದ್ದು ಬೇರೆ. ನಿರೂಪಕರಿಗೆ, ಭಾಷಣಕಾರರಿಗೆ ಕಾಲರ್ ಮೈಕ್ ಸಾಕು. ಕುಣಿಯುವವರಿಗೆ ಬೇಡ.

ದೊಡ್ಡಾಟದ ವೇಷಕ್ಕೆ ಹಣೆಯ ಜಾಗ ಸಿಗುವುದಿಲ್ಲ, ಅಲ್ಲಿ ಕಿರೀಟ ಕೂರುತ್ತದೆ. ಎದೆಯ ಮೇಲೆ ಎದೆಪದಕ, ಹೆಗಲಿಗೆ ಭುಜಕೀರ್ತಿ. ಉಳಿಯುವುದು ಕೆನ್ನೆ. ಚರ್ಮದ ಬಣ್ಣದ ತೆಳು ಹೆಡ್‌ಸೆಟ್ಟು ಕಿವಿಗೆ ಸಿಕ್ಕಿಸಿ, ಮೈಕಿನ ತಲೆ ತುಟಿಯ ಅಂಚಿನಿಂದ ಎರಡು ಬೆರಳು ಹಿಂದಕ್ಕೆ ನಿಲ್ಲುವ ಹಾಗೆ ಕಡ್ಡಿ ಬಗ್ಗಿಸಬೇಕು. ಬಾಯಿಯ ನೇರ ಮುಂದೆ ಬಂದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಸ್ಪೀಕರ್ ಗುಮ್ಮೆನ್ನುತ್ತದೆ. ಪಾತ್ರಧಾರಿಗೆ ದೊಡ್ಡ ಮೀಸೆ ಇದ್ದರೆ ಮೀಸೆಯ ತುದಿ ಮೈಕಿಗೆ ತಾಗುತ್ತದೆಯೇ ಅಂತ ಬಾಯಿ ಪೂರ್ತಿ ತೆರೆಸಿ ನೋಡಿ. ಸುಮ್ಮನೆ ಕೂತಾಗ ತಾಗದ ಮೀಸೆ ಅಬ್ಬರಿಸಿದಾಗ ತಾಗುತ್ತದೆ.

ವೈರನ್ನು ಮೂರು ಕಡೆ ಹಿಡಿಸುತ್ತೇನೆ: ಕಿವಿಯ ಮುಂದೆ ಕೆನ್ನೆಗೆ, ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ಬೆನ್ನಿಗೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ವೈರು ಸಡಿಲ ಇರಬೇಕು. ಎಷ್ಟು ಸಡಿಲ ಅನ್ನುವುದಕ್ಕೆ ಅಳತೆ ನಟನ ಕತ್ತೇ. “ಯಜಮಾನ್ರೇ, ಗದ್ದ ಎದೆಗೆ ತಾಗ್ಸಿ. ಈಗ ಪೂರ್ತಿ ಎಡಕ್ಕೆ ನೋಡಿ, ಈಗ ಬಲಕ್ಕೆ” ಅಂತ ಹೇಳಿ, ಮೂರೂ ಸಲ ವೈರು ಬಿಗಿಯಾಗಲಿಲ್ಲ ಅಂದರೆ ಮಾತ್ರ ಕೊನೆಯ ಟೇಪು ಒತ್ತುವುದು. ಹೆಣ್ಣುಮಕ್ಕಳಿಗೆ ಪ್ಯಾಕನ್ನು ಚೀಲದ ಸಮೇತ ಕೈಗೆ ಕೊಟ್ಟು, ಹೇಗೆ ಅಂತ ಒಂದು ಸಲ ತೋರಿಸಿ, “ಅಕ್ಕ, ಒಳಗೆ ಹೋಗಿ ಕಟ್ಕೊಂಡು ಬನ್ನಿ, ವೈರು ಕತ್ತಿನ ಹತ್ರ ಹೊರಗೆ ಬಿಡಿ ಸಾಕು” ಅನ್ನುತ್ತೇನೆ. ಜೊತೆಯ ಕಲಾವಿದೆಯೊಬ್ಬರಿಗೆ ಮೊದಲೇ ಕಲಿಸಿಟ್ಟರೆ ಇನ್ನೂ ಸಲೀಸು.

ಇನ್ನು ಬೆವರು. ಏಪ್ರಿಲ್, ಮೇ ಜಾತ್ರೆಗಳಲ್ಲಿ ಝಗಝಗ ಲೈಟಿನ ಕೆಳಗೆ, ಕಿರೀಟದ ಒಳಗೆ, ರಾತ್ರಿಯಿಡೀ ಕುಣಿಯುವವರ ಮೈಯಿಂದ ಇಳಿಯುವ ಬೆವರೇ ಹೆಡ್‌ಸೆಟ್ಟಿನ ಮೊದಲ ಶತ್ರು. ಬೆವರ ಹನಿ ವೈರನ್ನೇ ದಾರಿ ಮಾಡಿಕೊಂಡು, ಕಡ್ಡಿಯ ಗುಂಟ ಬಂದು ಮೈಕಿನ ಬಾಯಲ್ಲಿ ನಿಲ್ಲುತ್ತದೆ. ಮೈಕಿನ ರಂಧ್ರ ಗುಂಡುಸೂಜಿಯ ತಲೆಯಷ್ಟು ಚಿಕ್ಕದು. ಒಂದು ಹನಿ ಅದನ್ನು ಮುಚ್ಚಿದರೆ ‘ಸ’, ‘ಶ’, ‘ತ’ ಎಲ್ಲ ಮಾಯವಾಗಿ, ಬಾಯಿಗೆ ಬಟ್ಟೆ ಕಟ್ಟಿ ಮಾತಾಡಿದ ಹಾಗೆ ಕೇಳುತ್ತದೆ. ಇದಕ್ಕೆ ಎರಡು ಉಪಾಯ. ಮೊದಲನೆಯದು, ಕಡ್ಡಿಯನ್ನು ಬಗ್ಗಿಸುವಾಗ ಮೈಕಿನ ತಲೆಗಿಂತ ಎರಡು ಸೆಂಟಿಮೀಟರ್ ಹಿಂದೆ ಒಂದು ಸಣ್ಣ ತಗ್ಗು ಬರುವ ಹಾಗೆ ಬಗ್ಗಿಸುವುದು. ಸೂರಿನಿಂದ ನೀರು ಬೀಳುವ ಹಾಗೆ ಹನಿ ಆ ತಗ್ಗಿನಲ್ಲೇ ಕಳಚಿ ಬೀಳುತ್ತದೆ, ಮುಂದಕ್ಕೆ ಹತ್ತುವುದಿಲ್ಲ. ಎರಡನೆಯದು ಉಂಗುರ. ಮೇಣ ಹಚ್ಚಿದ ದಾರವನ್ನು ಅದೇ ಜಾಗದಲ್ಲಿ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿದರೆ ಜೋಳದ ಕಾಳಿಗಿಂತ ಸಣ್ಣದೊಂದು ದಿಂಡು ಆಗುತ್ತದೆ. ಅಲ್ಲಿಗೆ ಬಂದ ಬೆವರು ದಿಂಡನ್ನು ದಾಟಲಾರದೆ ಕೆಳಗೆ ತೊಟ್ಟಿಕ್ಕುತ್ತದೆ. ದಾರ ಇಲ್ಲದಿದ್ದರೆ ಮೂರು ಮಿಲಿಮೀಟರ್ ಅಗಲದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ತುಂಡೂ ಆದೀತು. ಹಣೆಗೆ ಹಾಕಿದ ಮೈಕಿಗೂ ಇದೇ ಉಂಗುರ, ಮೈಕಿನ ತಲೆಯ ಮೇಲ್ಭಾಗಕ್ಕೆ.

ಪ್ಯಾಕಿಗೆ ದರ್ಜಿಯ ಹತ್ತಿರ ಹೊಲಿಸಿದ ಚೀಲಗಳಿವೆ. ನನ್ನ ಪ್ಯಾಕಿನ ಅಳತೆಗೆ ಒಳಗಡೆ 8 ಸೆಂಟಿಮೀಟರ್ ಅಗಲ, 11 ಉದ್ದ; ಮೈಗೆ ತಾಗುವ ಕಡೆ ರೆಕ್ಸಿನ್, ಹೊರಗೆ ಕಾಟನ್, ಎರಡು ಇಂಚಿನ ಎಲಾಸ್ಟಿಕ್ ಪಟ್ಟಿ, ವೆಲ್ಕ್ರೋ. ರೆಕ್ಸಿನ್ ಇಲ್ಲದ ಚೀಲದಲ್ಲಿ ಬೆವರು ಇಂಗಿ ಸೆಲ್ಲಿನ ತಗಡುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ತುಂಬಾ ಬೆವರುವವರಿಗೆ ಚೀಲಕ್ಕೆ ಹಾಕುವ ಮುಂಚೆ ಪ್ಯಾಕನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಯನ್ನು ವೈರಿನ ಕಡೆ ಮೇಲೆ ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಪ್ಯಾಕು ಬೆನ್ನಿನ ನಡುಮಧ್ಯೆ ಬೇಡ. ಸಿಂಹಾಸನಕ್ಕೆ ಒರಗಿದಾಗ ಪಿನ್ನು ಒತ್ತುತ್ತದೆ. ಬಲ ಸೊಂಟದ ಹಿಂಬದಿಗೆ ಕಟ್ಟಿ.

ಆಂಟೆನಾ ಬಗ್ಗೆ ಮೂರು ಮಾತು. ಅದನ್ನು ಮಡಚಬಾರದು, ಸುತ್ತಬಾರದು, ಬರಿಮೈಗೆ ತಾಗಿಸಬಾರದು. ಮೈಯೆಂದರೆ ಬಹುಪಾಲು ಉಪ್ಪುನೀರು, ಯುಎಚ್‌ಎಫ್ ಸಿಗ್ನಲ್ಲನ್ನು, ಅಂದರೆ ಈ ಮೈಕುಗಳ ರೇಡಿಯೋ ಅಲೆಯನ್ನು, ಚೆನ್ನಾಗಿ ಹೀರುತ್ತದೆ. ದೊಡ್ಡಾಟದಲ್ಲಿ ಇನ್ನೊಂದು ಕಷ್ಟ: ಡಾಬು, ನಡುಪಟ್ಟಿಗೆ ಹಚ್ಚಿದ ತಗಡು, ಜರಿ, ಕನ್ನಡಿಯ ಹಿಂದಿನ ಬೇಗಡೆ. ಲೋಹದ ಪಟ್ಟಿಯ ಒಳಗೆ ಆಂಟೆನಾ ಸಿಕ್ಕಿದರೆ ಪ್ಯಾಕು ಡಬ್ಬಿಯಲ್ಲಿ ಕೂತ ಹಾಗೆ. ಡಾಬಿನ ಕೆಳಗೆ, ಕಚ್ಚೆಯ ಬಟ್ಟೆಯ ಮೇಲೆ ಆಂಟೆನಾ ನೇರ ಕೆಳಮುಖವಾಗಿ ಇಳಿಬಿದ್ದಿರಲಿ. ವೇಷ ಪೂರ್ತಿ ಕಟ್ಟಿ ಆದ ಮೇಲೆ ಇನ್ನೊಮ್ಮೆ ಕೈಹಾಕಿ ನೋಡಬೇಕು. ಕಟ್ಟುವವರು ಬಿಗಿ ಎಳೆದಾಗ ಅದು ಒಳಗೆ ಸೇರಿಕೊಂಡಿರುತ್ತದೆ. ಮೊಬೈಲನ್ನು ಪ್ಯಾಕಿನ ಪಕ್ಕ ಸಿಕ್ಕಿಸಿಕೊಂಡು ರಂಗಕ್ಕೆ ಹೋಗಲು ಯಾರಿಗೂ ಬಿಡಬೇಡಿ.

ರಿಸೀವರ್ ಇಡುವ ಜಾಗ

ಪ್ಯಾಕ್ ಕಳಿಸಿದ ಸಿಗ್ನಲ್ ಹಿಡಿಯುವ ರಿಸೀವರನ್ನು ಮಿಕ್ಸರ್ ಪಕ್ಕದಲ್ಲೇ ಇಡುವುದು ನಮ್ಮ ಕಡೆಯ ಮಾಮೂಲು ಪದ್ಧತಿ. ಮಿಕ್ಸರ್ ಇರುವುದು ಜನರ ಹಿಂದೆ, ರಂಗದಿಂದ 30–40 ಮೀಟರ್ ದೂರ. ನಡುವೆ ಕೂತವರೆಲ್ಲ ಸಿಗ್ನಲ್ ಹೀರುವ ಗೋಡೆ. ಸಂಜೆ ಖಾಲಿ ಮೈದಾನದಲ್ಲಿ ಟೆಸ್ಟ್ ಮಾಡಿದಾಗ ಐದೂ ಗೆರೆ ತೋರಿಸುತ್ತದೆ. ರಾತ್ರಿ ಮೈದಾನ ತುಂಬಿದ ಮೇಲೆ ಮಾತು ಕತ್ತರಿಸುತ್ತದೆ. ದಾವಣಗೆರೆ ಹೈಸ್ಕೂಲ್ ಮೈದಾನದಂಥ ಜಾಗದಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ನಾನು ರಿಸೀವರುಗಳನ್ನೆಲ್ಲ ರ‍್ಯಾಕಿನಲ್ಲಿ ರಂಗದ ಪಕ್ಕದ ವಿಂಗಿನಲ್ಲೇ ಇಟ್ಟು, ಅಲ್ಲಿಂದ ಮಿಕ್ಸರಿಗೆ ಮಾಮೂಲಿ ಎಕ್ಸ್‌ಎಲ್‌ಆರ್ ಸ್ನೇಕ್ ಕೇಬಲ್ (ಹಲವು ಮೈಕ್ ವೈರು ಒಂದೇ ಹೊದಿಕೆಯಲ್ಲಿರುವ ಕೇಬಲ್) ಎಳೆಯುತ್ತೇನೆ. ಅದರಲ್ಲಿ ಹೋಗುವ ಬ್ಯಾಲೆನ್ಸ್ಡ್ ಆಡಿಯೋ 50 ಮೀಟರ್ ಹೋದರೂ ಏನೂ ಕಳೆದುಕೊಳ್ಳುವುದಿಲ್ಲ. ಆಂಟೆನಾ ಕೇಬಲನ್ನೇ ಉದ್ದ ಎಳೆದರೆ ಆರ್‌ಜಿ-58 ಬಗೆಯ ತೆಳು ಕೇಬಲಿನ ಹತ್ತು ಮೀಟರಿನಲ್ಲೇ ಸಿಗ್ನಲಿನ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ.

ಆಂಟೆನಾಗಳು ಜನರ ತಲೆಗಿಂತ ಮೇಲೆ, ಎರಡು ಮೀಟರ್ ಎತ್ತರದಲ್ಲಿ, ರಂಗವನ್ನು ನೇರವಾಗಿ ನೋಡುವ ಹಾಗಿರಬೇಕು. ಎರಡೂ ಇಂಗ್ಲಿಷಿನ ‘ವಿ’ ಆಕಾರಕ್ಕೆ ಹೊರಕ್ಕೆ ವಾಲಿರಲಿ. 600 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಅರ್ಧ ಮೀಟರ್. ಎರಡು ಆಂಟೆನಾಗಳ ನಡುವೆ ಕಡಿಮೆಯೆಂದರೆ ಅದರ ಕಾಲುಭಾಗ, 12–13 ಸೆಂಟಿಮೀಟರ್ ಅಂತರ ಬೇಕು. ಅರ್ಧ ಮೀಟರ್ ಸಿಕ್ಕರೆ ಒಳ್ಳೆಯದು. ಡೈವರ್ಸಿಟಿ ಅಂದರೆ ಇಷ್ಟೇ: ಒಂದು ಆಂಟೆನಾಕ್ಕೆ ಸಿಗ್ನಲ್ ಸತ್ತ ಕ್ಷಣದಲ್ಲಿ ಇನ್ನೊಂದಕ್ಕೆ ಇರುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಇಟ್ಟರೆ ಎರಡೂ ಒಟ್ಟಿಗೇ ಸಾಯುತ್ತವೆ. ನಟರು ವಿಂಗಿನಲ್ಲಿ ಕಾಯುವಾಗ ಆಂಟೆನಾಕ್ಕೆ ಮೂರು ಮೀಟರಿಗಿಂತ ಹತ್ತಿರ ನಿಲ್ಲಬಾರದು. ಹತ್ತಿರದ ಪ್ಯಾಕಿನ ಜೋರು ಸಿಗ್ನಲ್ಲು ರಿಸೀವರಿನ ಕಿವಿ ತುಂಬಿಬಿಟ್ಟು, ರಂಗದ ಆ ತುದಿಯಲ್ಲಿರುವವರ ಸಿಗ್ನಲ್ಲು ಅದಕ್ಕೆ ಕೇಳಿಸದ ಹಾಗಾಗುತ್ತದೆ. ಹಿಂದೆ ಎಲ್‌ಇಡಿ ವಾಲ್ ಇದ್ದರೆ ರ‍್ಯಾಕನ್ನು ಅದರಿಂದ ಸಾಧ್ಯವಾದಷ್ಟು ಮುಂದಕ್ಕೆ ತನ್ನಿ. ಆ ಪ್ಯಾನೆಲ್‌ಗಳ ಪವರ್ ಸಪ್ಲೈ, ಡೇಟಾ ವೈರುಗಳಿಂದ ಹೊರಡುವ ಗದ್ದಲ ಬ್ಯಾಂಡಿನ ಉದ್ದಕ್ಕೂ ಹರಡಿರುತ್ತದೆ.

ಜಾತ್ರೆಯಲ್ಲಿ ಜನರೇಟರ್ ಕರೆಂಟಿಗೆ ರಿಸೀವರಿನ ಅಡಾಪ್ಟರುಗಳನ್ನು ನೇರ ಚುಚ್ಚಬೇಡಿ. ಲೈಟಿನವರು ಒಟ್ಟಿಗೇ ಲೋಡ್ ತೆಗೆದಾಗ ವೋಲ್ಟೇಜು ಏರುತ್ತದೆ, ಅಡಾಪ್ಟರು ಸುಡುತ್ತದೆ. ನನ್ನ ರ‍್ಯಾಕಿಗೂ ಮಿಕ್ಸರಿಗೂ ಒಂದು ಯುಪಿಎಸ್ ಇದೆ. ಜನರೇಟರ್ ಬದಲಿಸುವ ಹೊತ್ತಿನಲ್ಲಿ ಸಹ ರಿಸೀವರ್ ಆಫ್ ಆಗಿ ಆನ್ ಆಗುವ ‘ಢಬ್’ ಸದ್ದು ಬರುವುದಿಲ್ಲ.

ಫ್ರೀಕ್ವೆನ್ಸಿ

700 ಮೆಗಾಹರ್ಟ್ಸ್ ಬ್ಯಾಂಡು 2022ರ ಹರಾಜಿನಲ್ಲಿ ಮೊಬೈಲಿಗೆ ಹೋಯಿತು. ಆ ಬ್ಯಾಂಡಿನಲ್ಲಿ ಫೋನು ಕಳಿಸುವುದು 703ರಿಂದ 748, ಟವರ್ ಕಳಿಸುವುದು 758ರಿಂದ 803. ಹಳೆಯ ಕಾರ್ಡ್‌ಲೆಸ್ ಸೆಟ್ಟುಗಳಲ್ಲಿ ಅನೇಕವು ಈ ಗೆರೆಗಳ ಒಳಗೇ ಇವೆ. ಹಿಂದೆ ಏನೂ ತೊಂದರೆ ಇಲ್ಲದೆ ನಡೆದ ಸೆಟ್ಟು ಈಗ ಪೇಟೆಯ ನಡುವೆ ಗೊರಗುಟ್ಟಿದರೆ, ಸೆಟ್ಟಿನ ಹಿಂಬದಿಯ ಚೀಟಿಯಲ್ಲಿ ಬರೆದ ಫ್ರೀಕ್ವೆನ್ಸಿ ಓದಿ. ರಿಪೇರಿಗೆ ಕೊಡುವ ದುಡ್ಡು ಉಳಿಯುತ್ತದೆ. ಹೊಸದು ಕೊಳ್ಳುವಾಗಲೂ ಮೊದಲು ನೋಡಬೇಕಾದದ್ದು ಅದೇ ಚೀಟಿ. 2.4 ಗಿಗಾಹರ್ಟ್ಸ್‌ನ ಸಣ್ಣ ಕ್ಲಿಪ್ ಮೈಕುಗಳು ವಿಡಿಯೋ ಮಾಡಲು ಚೆನ್ನ. ಸಾವಿರ ಜನ ವೈಫೈ, ಬ್ಲೂಟೂತ್ ಆನ್ ಇಟ್ಟುಕೊಂಡು ಕೂತಿರುವ ಸಭೆಗೆ ನಾನು ಅವನ್ನು ಒಯ್ಯುವುದಿಲ್ಲ.

ಎಂಟು ಮೈಕನ್ನು ಸಮನಾದ ಅಂತರದಲ್ಲಿ ಸಾಲಾಗಿ ಕೂರಿಸುವುದು ತಪ್ಪು. ಎರಡು ಟ್ರಾನ್ಸ್‌ಮಿಟರುಗಳು ಹತ್ತಿರ ಬಂದಾಗ ಅವೆರಡರ ಬೆರಕೆಯಿಂದ ಹೊಸ ಸಿಗ್ನಲ್ ಹುಟ್ಟುತ್ತದೆ. ಲೆಕ್ಕ ಸುಲಭ: ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆಯಿರಿ. 650ಕ್ಕೆ ಒಂದು, 651ಕ್ಕೆ ಒಂದು ಇದ್ದರೆ 649ಕ್ಕೂ 652ಕ್ಕೂ ಎರಡು ಪಿಶಾಚಿಗಳು ಏಳುತ್ತವೆ. ಮೂರನೇ ಮೈಕನ್ನು 652ಕ್ಕೆ ಇಟ್ಟಿರೋ, ಇಬ್ಬರು ನಟರು ಹತ್ತಿರ ಬಂದಾಗಲೆಲ್ಲ ಮೂರನೆಯವರ ಮೈಕ್ ಗೊರಗುಟ್ಟುತ್ತದೆ. 650.0, 650.9, 652.7 ಹೀಗೆ ಏರುಪೇರಾಗಿ ಇಟ್ಟರೆ ಬೆರಕೆ ಯಾವುದರ ಮೇಲೂ ಬೀಳುವುದಿಲ್ಲ. ಎಂಟಕ್ಕೆ ಕೈಲೆಕ್ಕ ಮಾಡುವುದು ಕಷ್ಟ. ಸೆಟ್ಟಿನ ಮೆನುವಿನಲ್ಲಿ ಗ್ರೂಪ್, ಚಾನೆಲ್ ಅಂತ ಇರುವುದು ಅದಕ್ಕೇ: ಎಲ್ಲ ಮೈಕೂ ಒಂದೇ ಗ್ರೂಪಿನವಾಗಿರಲಿ, ಚಾನೆಲ್ ಮಾತ್ರ ಬೇರೆ ಬೇರೆ.

ನಾನು ಹೊಂದಿಸುವುದು ಹೀಗೆ. ಮೊದಲು ಲೈಟು, ಎಲ್‌ಇಡಿ ವಾಲ್, ವಾಕಿಟಾಕಿ ಎಲ್ಲ ಆನ್ ಆಗಿರಲಿ, ಮೈಕುಗಳು ಮಾತ್ರ ಆಫ್. ಆಗ ರಿಸೀವರಿನಲ್ಲಿ ಸ್ಕ್ಯಾನ್ ಕೊಟ್ಟು ಖಾಲಿ ಚಾನೆಲ್ ಹುಡುಕಿಸುವುದು. ಲೈಟು ಹಾಕುವ ಮೊದಲೇ ಸ್ಕ್ಯಾನ್ ಮಾಡಿದರೆ ಅದು ಹೇಳುವುದು ಸುಳ್ಳು ಲೆಕ್ಕ. ಒಂದು ಮೈಕನ್ನು ಆ ಚಾನೆಲ್ಲಿಗೆ ಸಿಂಕ್ ಮಾಡಿ ಆನ್ ಬಿಟ್ಟು, ಅದರ ಜೊತೆಗೇ ಎರಡನೆಯದರ ಸ್ಕ್ಯಾನು, ಹೀಗೆ ಎಂಟರವರೆಗೆ. ಆಮೇಲೆ ಎಂಟನ್ನೂ ಮೇಜಿನ ಮೇಲೆ ಒಂದೊಂದು ಅಡಿ ಅಂತರದಲ್ಲಿ ಆನ್ ಇಟ್ಟು, ಒಂದನ್ನು ಮಾತ್ರ ಆಫ್ ಮಾಡಿ ಅದರ ರಿಸೀವರಿನ ಸಿಗ್ನಲ್ ಗೆರೆ ನೋಡುತ್ತೇನೆ. ಮೈಕ್ ಆಫ್ ಇದ್ದರೂ ಗೆರೆ ಎದ್ದಿದ್ದರೆ ಅಲ್ಲಿ ಪಿಶಾಚಿ ಕೂತಿದೆ ಅಂತ ಅರ್ಥ, ಆ ಚಾನೆಲ್ ಬದಲಿಸಬೇಕು. ಕೊನೆಗೆ ಹುಡುಗನೊಬ್ಬನಿಗೆ ಪ್ಯಾಕ್ ಕಟ್ಟಿ, ರಂಗದ ನಾಲ್ಕೂ ಮೂಲೆ, ಪರದೆಯ ಹಿಂದೆ, ಪಾತ್ರಗಳು ಜನರ ನಡುವಿನಿಂದ ಬರುವ ದೃಶ್ಯ ಇದ್ದರೆ ಆ ದಾರಿಯಲ್ಲೂ ಮಾತಾಡಿಕೊಂಡು ಓಡಾಡಲು ಹೇಳುವುದು. ಎಲ್ಲಿ ಗೆರೆ ಎರಡಕ್ಕಿಂತ ಕೆಳಗಿಳಿಯಿತೋ ಅಲ್ಲಿಗೆ ತಕ್ಕಂತೆ ಆಂಟೆನಾ ಸರಿಸುವುದು.

ಜಾತ್ರೆಯ ಬಯಲಲ್ಲಿ ಅಕ್ಕಪಕ್ಕದಲ್ಲೇ ಎರಡು ಮೂರು ನಾಟಕದ ಕಂಪನಿಗಳ ಟೆಂಟು ಬೀಳುತ್ತವೆ. ಎರಡು ಎಫ್‌ಎಂ ಸಿಗ್ನಲ್ ಒಂದೇ ಚಾನೆಲ್‌ನಲ್ಲಿ ಬಂದರೆ ಜೋರಾದದ್ದು ಗೆಲ್ಲುತ್ತದೆ. ನಮ್ಮ ನಾಯಕಿ ವಿಂಗಿನ ಹಿಂದೆ ಸರಿದ ಗಳಿಗೆಗೆ ಪಕ್ಕದ ಟೆಂಟಿನ ಹಾಸ್ಯಗಾರನ ಮಾತು ನಮ್ಮ ಸ್ಪೀಕರಿನಲ್ಲಿ ಬರುತ್ತದೆ. ಮಧ್ಯಾಹ್ನವೇ ಆ ಟೆಂಟಿಗೆ ಹೋಗಿ, “ಅಣ್ಣ, ನಿಮ್ದು ಯಾವ್ಯಾವ ಚಾನೆಲ್ ಐತಿ, ಒಂಚೂರು ಬರ್ಕೊಡಿ, ನಮ್ದೂ ಕೊಡ್ತೀನಿ” ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಅವರಿಗೂ ಅದೇ ಭಯ ಇರುತ್ತದೆ.

ಸೆಲ್

ಎರಡು ಪೆನ್ಸಿಲ್ ಸೆಲ್ಲಿನ ಪ್ಯಾಕು ಒಳ್ಳೆಯ ಆಲ್ಕಲೈನ್‌ನಲ್ಲಿ ಸಾಮಾನ್ಯವಾಗಿ 6ರಿಂದ 8 ಗಂಟೆ ನಡೆಯುತ್ತದೆ. ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಅಗ್ಗದ ಜಿಂಕ್ ಸೆಲ್ಲು ಇದಕ್ಕೆ ತಡೆಯುವುದಿಲ್ಲ. ಸಾಮಾಜಿಕ ನಾಟಕಕ್ಕೆ ಒಂದು ಜೊತೆ ಸಾಕು. ರಾತ್ರಿ ಹತ್ತಕ್ಕೆ ಗಣಪತಿ ಸ್ತುತಿ ಆಗಿ ಬೆಳಗಿನವರೆಗೆ ನಡೆಯುವ ದೊಡ್ಡಾಟಕ್ಕೆ ಎರಡು ಜೊತೆ ಬೇಕೇ ಬೇಕು. ಮೀಟರಿನಲ್ಲಿ ಎಷ್ಟೇ ಗೆರೆ ಇರಲಿ, ರಾತ್ರಿ ಒಂದೂವರೆಯಿಂದ ಎರಡರ ಒಳಗೆ ಪ್ರತಿಯೊಬ್ಬರೂ ಒಳಗೆ ಬಂದಾಗ ಸೆಲ್ ಬದಲಿಸಿಬಿಡುವುದು ನನ್ನ ನಿಯಮ. ವೇಷ ಬಿಚ್ಚದೆ ಬದಲಿಸುವ ಹಾಗೆ ಪ್ಯಾಕಿನ ಮುಚ್ಚಳ ಹೊರಮುಖವಾಗಿ ಕಟ್ಟಿರಬೇಕು, ಚೀಲಕ್ಕೆ ಆ ಕಡೆ ಕಿಟಕಿ ಇರಬೇಕು.

ರೀಚಾರ್ಜ್ ಸೆಲ್ ಬಳಸಿದರೆ ಖರ್ಚು ಇಳಿಯುತ್ತದೆ, ಆದರೆ ಅದರ ಗುಣ ಬೇರೆ. ಆಲ್ಕಲೈನ್ 1.5 ವೋಲ್ಟಿನಿಂದ ನಿಧಾನ ಇಳಿಯುತ್ತ ಬರುತ್ತದೆ, ಮೀಟರ್ ಹೇಳುವುದನ್ನು ನಂಬಬಹುದು. ರೀಚಾರ್ಜ್ ಆಗುವ ನಿಕಲ್ ಸೆಲ್ 1.2ರ ಆಸುಪಾಸಿನಲ್ಲೇ ಗಂಟೆಗಟ್ಟಲೆ ನಿಂತು, ಕೊನೆಗೆ ಕೆಲವೇ ನಿಮಿಷದಲ್ಲಿ ಧಡಕ್ಕನೆ ಬೀಳುತ್ತದೆ. ಮೀಟರ್ ಮೊದಲಿನಿಂದಲೂ ಕಡಿಮೆ ತೋರಿಸುತ್ತಿರುತ್ತದೆ, ನಂಬಿಕೆ ಹೋಗಿರುತ್ತದೆ, ನಿಜವಾಗಿ ಮುಗಿದಾಗ ಗೊತ್ತೇ ಆಗುವುದಿಲ್ಲ. ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸುವ ಅವಕಾಶ ಇದ್ದರೆ ಬದಲಿಸಿ. ಇಲ್ಲದಿದ್ದರೆ ಗಡಿಯಾರವೇ ಮೀಟರ್. ಜೊತೆಗಳಿಗೆ ಮಾರ್ಕರ್ ಪೆನ್ನಿನಲ್ಲಿ 1-1, 2-2 ಅಂತ ನಂಬರ್ ಹಾಕಿ, ಕೊಂಡ ತಿಂಗಳು ಬರೆದಿಡುತ್ತೇನೆ. ಜೊತೆ ಒಡೆಯಬಾರದು. ಒಂದು ಹೊಸದು ಒಂದು ಹಳೆಯದು ಸೇರಿಸಿದರೆ ಹಳೆಯದು ಬೇಗ ಖಾಲಿಯಾಗಿ, ಹೊಸದು ಅದನ್ನು ಉಲ್ಟಾ ಚಾರ್ಜ್ ಮಾಡುತ್ತದೆ, ಅದು ಸೋರುತ್ತದೆ. ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಿಕೊಳ್ಳುವಂಥದ್ದೇ ಆಗಿರಲಿ. ಕುಣಿತದ ಏಟಿಗೆ ಸೆಲ್ಲು ಅಲುಗಿ ಪ್ಯಾಕು ಆಫ್ ಆಗುತ್ತಿದ್ದರೆ ಸ್ಪ್ರಿಂಗನ್ನು ಮೆಲ್ಲಗೆ ಹೊರಕ್ಕೆ ಎಳೆದು, ಮುಚ್ಚಳದ ಒಳಗೆ ದಪ್ಪ ಕಾಗದ ಎರಡು ಮಡಿಕೆ ಇಟ್ಟರೆ ನಿಲ್ಲುತ್ತದೆ.

ಮಿಕ್ಸರ್ ಮುಂದೆ

ಪ್ಯಾಕಿನ ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದನ್ನು, ಹೊಂದಿಸುವಾಗ “ಹಲೋ, ಮೈಕ್ ಟೆಸ್ಟ್” ಕೇಳಿ ಪ್ರಯೋಜನವಿಲ್ಲ. ಆ ಪಾತ್ರದ ಅತಿ ಜೋರಿನ ಮಾತು ಕೇಳಬೇಕು. ವೀರಭದ್ರನ ಪಾತ್ರಧಾರಿಗೆ ಅಬ್ಬರಿಸಲು ಹೇಳಿ, ರಿಸೀವರಿನ ಕೆಂಪು ದೀಪ ಹತ್ತದಷ್ಟಕ್ಕೆ ಇಳಿಸಿ. ಪ್ಯಾಕಿನಲ್ಲೇ ಒಡೆದ ಧ್ವನಿಯನ್ನು ಮಿಕ್ಸರಿನಲ್ಲಿ ಕೂಡಿಸಲು ಬರುವುದಿಲ್ಲ. ಅದೇ ಪ್ಯಾಕನ್ನು ಮುಂದಿನ ದೃಶ್ಯಕ್ಕೆ ಮೆಲುದನಿಯ ಪಾತ್ರಕ್ಕೆ ಕಟ್ಟುವುದಾದರೆ ಗೇನ್ ಎಷ್ಟಿರಬೇಕು ಅಂತ ಮೈಕ್ ಹಾಳೆಯಲ್ಲಿ ಬರೆದಿರಲಿ. ದೃಶ್ಯ, ಪಾತ್ರ, ಮೈಕ್ ನಂಬರ್, ಬದಲಾವಣೆ, ಈ ನಾಲ್ಕು ಕಾಲಮ್ಮಿನ ಹಾಳೆ ನನ್ನ ಹತ್ತಿರ ಒಂದು, ವಿಂಗಿನ ಹುಡುಗನ ಹತ್ತಿರ ಒಂದು.

ತೆರೆದಿರುವ ಮೈಕಿನ ಸಂಖ್ಯೆ ಎರಡರಷ್ಟು ಆದಾಗಲೆಲ್ಲ ಸ್ಪೀಕರಿನ ಸದ್ದು ಮೈಕಿಗೇ ಮರಳಿ ಕೂಗು ಬರುವ ಮಿತಿ ಮೂರು ಡೆಸಿಬೆಲ್ ಕೆಳಗಿಳಿಯುತ್ತದೆ. ಎಂಟೂ ತೆರೆದಿದ್ದರೆ ಒಂದಕ್ಕಿಂತ ಒಂಬತ್ತು ಡೆಸಿಬೆಲ್ ಕಡಿಮೆ ಸದ್ದಿಗೇ ಸ್ಪೀಕರ್ ಕುಯ್ಯೆನ್ನುತ್ತದೆ. ಮಾತಿಲ್ಲದವರ ಮೈಕ್ ಮುಚ್ಚಿರಬೇಕು; ಬೆರಳು ಮಾತಿಗಿಂತ ಅರ್ಧ ಉಸಿರು ಮುಂದಿರಬೇಕು. ಅದಕ್ಕೆ ನಾಟಕವನ್ನು ಒಮ್ಮೆಯಾದರೂ ರಿಹರ್ಸಲ್‌ನಲ್ಲಿ ಕೂತು ನೋಡದೆ ಆಪರೇಟ್ ಮಾಡಲು ನಾನು ಒಪ್ಪುವುದಿಲ್ಲ. ಇಬ್ಬರು ಎದುರೆದುರು ಹತ್ತಿರ ನಿಂತು ಮಾತಾಡುವಾಗ, ಅಪ್ಪಿಕೊಂಡಾಗ ಒಬ್ಬರ ಮಾತು ಎರಡೂ ಮೈಕಿಗೆ ಸ್ವಲ್ಪ ಹಿಂದುಮುಂದಾಗಿ ತಲುಪಿ ಕೊಳವೆಯೊಳಗಿಂದ ಮಾತಾಡಿದ ಹಾಗಾಗುತ್ತದೆ. ಆಗ ಒಬ್ಬರ ಮೈಕಿನಲ್ಲೇ ಇಬ್ಬರನ್ನೂ ನಡೆಸಿ.

ಕೆಳಸ್ವರದ ಗುಡುಗನ್ನು ಕತ್ತರಿಸುವ ಲೋ ಕಟ್ ಎಲ್ಲ ಮಾತಿನ ಮೈಕಿಗೂ 100ರಿಂದ 120 ಹರ್ಟ್ಸ್‌ಗೆ. ಗೆಜ್ಜೆಕಾಲಿನ ಕುಪ್ಪಳಿಕೆ ಹಲಗೆಯ ರಂಗದಿಂದ ಎದ್ದು ಬರುವುದು ಅದರಿಂದ ಕಡಿಮೆಯಾಗುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಂಥ ತೆರೆದ ಜಾಗದಲ್ಲಿ, ಚಿತ್ರದುರ್ಗದ ಗುಡ್ಡದ ಗಾಳಿಯಲ್ಲಿ 150ರವರೆಗೂ ಏರಿಸುತ್ತೇನೆ. ಗಾಳಿಯಂತ್ರ ತಿರುಗಿಸಿ ವಿದ್ಯುತ್ ತೆಗೆಯುವಷ್ಟು ಗಾಳಿ ಬೀಸುವ ಜಿಲ್ಲೆ ಅದು. ಅಲ್ಲಿ ಸ್ಪಂಜಿನ ಟೊಪ್ಪಿಗೆ ಇಲ್ಲದೆ ಹೆಡ್‌ಸೆಟ್ ಹೊರಗೆ ಬಿಡಬೇಡಿ. ಸ್ಪಂಜು ಬಿದ್ದುಹೋಗದ ಹಾಗೆ ಬುಡಕ್ಕೆ ದಾರ ಸುತ್ತಿ. ಕುಣಿಯುವ ಪಾತ್ರಗಳಿಗೆ ನನ್ನ ಆಯ್ಕೆ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಓಮ್ನಿ ಮೈಕು. ಸ್ವಲ್ಪ ಸರಿದರೂ ಧ್ವನಿ ಬದಲಾಗುವುದಿಲ್ಲ, ಉಸಿರಿಗೆ ಗುಮ್ಮೆನ್ನುವುದೂ ಕಡಿಮೆ. ಎದುರಿಗೇ ಮಾನಿಟರ್ ಸ್ಪೀಕರ್ ಇಟ್ಟುಕೊಂಡು ಹಾಡುವವರಿಗೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್.

ಹ್ಯಾಂಡ್ ಮೈಕ್ ಹಿಡಿಯುವವರಿಗೆ ಎರಡು ಮಾತು ಹೇಳಿ ಕಳಿಸುತ್ತೇನೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಬೇಡಿ, ಹಿಂಬದಿಯ ಕಿಂಡಿಗಳು ಮುಚ್ಚಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದು ಕೂಗುತ್ತದೆ. ಬಾಲದ ತುದಿಯನ್ನೂ ಹಿಡಿಯಬೇಡಿ, ಆಂಟೆನಾ ಇರುವುದು ಅಲ್ಲೇ.

ವಿಂಗಿನಲ್ಲಿ ಒಂದು ಹ್ಯಾಂಡ್ ಮೈಕ್ ಸದಾ ಆನ್, ಮಿಕ್ಸರಿನಲ್ಲಿ ಮ್ಯೂಟ್. ಭಾಗವತರಿಗೆ, ಮುಖವೀಣೆಗೆ, ಮದ್ದಳೆಗೆ ಮಾತ್ರ ವೈರಿನ ಮೈಕೇ. ಇದ್ದ ಜಾಗ ಬಿಟ್ಟು ಕದಲದವರಿಗೆ ಕಾರ್ಡ್‌ಲೆಸ್ ಕೊಡುವುದು ಸುಮ್ಮನೆ ಒಂದು ಚಾನೆಲ್ ದಂಡ. ರಂಗದ ಮುಂಚಾಚಿನಲ್ಲಿ ಎರಡು ವೈರಿನ ಮೈಕೂ ಇರುತ್ತವೆ. ಕಂಪನಿ ನಾಟಕದವರು ಬಹುಕಾಲದಿಂದ ನಂಬಿಕೊಂಡು ಬಂದ ಪದ್ಧತಿ ಅದು, ಎಲ್ಲ ಪ್ಯಾಕೂ ಕೈಬಿಟ್ಟರೂ ಆಟ ನಿಲ್ಲುವುದಿಲ್ಲ.

ಸದ್ದು ಕೇಳಿ ರೋಗ ಹೇಳುವುದು

ರಿಸೀವರಿಗೆ ಹೆಡ್‌ಫೋನ್ ಹಾಕಿ ಕೇಳುತ್ತ, ಸಿಗ್ನಲ್ ಗೆರೆ ನೋಡುತ್ತ ಇದ್ದರೆ ಯಾವ ಭಾಗ ಕೆಟ್ಟಿದೆ ಅಂತ ಅಲ್ಲೇ ತಿಳಿಯುತ್ತದೆ. ‘ಚರ್ ಚರ್’ ಬಂದಾಗ ಸಿಗ್ನಲ್ ಗೆರೆಯೂ ಬಿದ್ದರೆ ರೇಡಿಯೋ ತೊಂದರೆ: ಆಂಟೆನಾ, ದೂರ, ಅಡ್ಡ ಬಂದ ಲೋಹ. ಗೆರೆ ಪೂರ್ತಿ ಇದ್ದೂ ‘ಚರ್ ಚರ್’ ಬಂದರೆ ವೈರು ಒಳಗೆ ಮುರಿದಿದೆ. ಗೆರೆ ಪೂರ್ತಿ ಇದ್ದು ಮಾತು ಮಂಕಾದರೆ ಬೆವರು, ಇಲ್ಲವೇ ಬಣ್ಣ. ಮೊದಲಿನಿಂದಲೂ ಒಡೆದ ಧ್ವನಿ ಬಂದರೆ ಗೇನ್ ಹೆಚ್ಚು. ನಡುವೆ ಶುರುವಾದರೆ ಸೆಲ್.

ವೈರು ಮುರಿಯುವುದು ಹೆಚ್ಚಾಗಿ ಪಿನ್ನಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ. ಪ್ಯಾಕ್ ಆನ್ ಇಟ್ಟು ಅಲ್ಲಿ ಮೆಲ್ಲಗೆ ಬಗ್ಗಿಸಿದರೆ ಸದ್ದು ಬಂದೇ ಬರುತ್ತದೆ. ಐದು ಸೆಂಟಿಮೀಟರ್ ಕತ್ತರಿಸಿ ಎಸೆದು ಹೊಸದಾಗಿ ಬೆಸೆಯಬೇಕು. ಮುರಿದ ಜಾಗ ಹುಡುಕಿ ಅಲ್ಲೇ ತೇಪೆ ಹಾಕಿದರೆ ಮತ್ತೆ ಪಕ್ಕದಲ್ಲಿ ಮುರಿಯುತ್ತದೆ. 25 ವ್ಯಾಟಿನ ಬೆಸುಗೆ ಕಡ್ಡಿ ಸಾಕು. ಈ ವೈರಿನ ಎಳೆಗಳಿಗೆ ಬಹಳ ಸಲ ಕೆಂಪು, ಹಸಿರು ಬಣ್ಣದ ವಾರ್ನಿಷ್ ಇರುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯಲು ಹೋದರೆ ಎಳೆ ತುಂಡಾಗುತ್ತದೆ. ಕಡ್ಡಿಯ ತುದಿಯಲ್ಲಿ ಸೀಸದ ಗುಂಡು ಮಾಡಿ, ಎಳೆಯನ್ನು ಅದರಲ್ಲಿ ಅದ್ದಿ ಹಿಡಿದರೆ ವಾರ್ನಿಷ್ ಸುಟ್ಟು ಸೀಸ ಹತ್ತುತ್ತದೆ, ಹೊಳೆಯುವುದು ಕಂಡಾಗ ತೆಗೆಯಬೇಕು. ಪಿನ್ನಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಪಿನ್ನು ಪ್ಯಾಕಿಗೆ ಸೇರುವಲ್ಲಿ ವೈರಿನದೊಂದು ಸಣ್ಣ ಸುರುಳಿ ಮಾಡಿ ಟೇಪು ಹಾಕಿದರೆ ಎಳೆತ ಸುರುಳಿಗೆ ಬೀಳುತ್ತದೆ, ಬೆಸುಗೆಗೆ ಬೀಳುವುದಿಲ್ಲ.

ಆಟ ಮುಗಿದ ಮೇಲೆ

ಮೊದಲು ಮಿಕ್ಸರಿನಲ್ಲಿ ಮ್ಯೂಟ್, ಆಮೇಲೆ ಪ್ಯಾಕ್ ಆಫ್, ಆಮೇಲೆ ಸೆಲ್ ಹೊರಗೆ. ಎಷ್ಟೇ ನಿದ್ದೆ ಬಂದಿರಲಿ ಸೆಲ್ ಒಳಗೇ ಬಿಟ್ಟು ಪೆಟ್ಟಿಗೆ ಮುಚ್ಚಬೇಡಿ. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ ಪುಡಿ ಕ್ಷಾರ. ಇಯರ್‌ಬಡ್ಡಿಗೆ ನಿಂಬೆರಸ ಮುಟ್ಟಿಸಿ ಉಜ್ಜಿದರೆ ನೊರೆ ಬಂದು ಕರಗುತ್ತದೆ. ಅದರ ಹಿಂದೆಯೇ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಒರೆಸದಿದ್ದರೆ ನಿಂಬೆರಸವೇ ತಗಡು ತಿನ್ನುತ್ತದೆ.

ಹೆಡ್‌ಸೆಟ್ಟಿನ ಅಂಟನ್ನು, ಬಣ್ಣವನ್ನು ಸ್ಪಿರಿಟ್ ಒದ್ದೆ ಮಾಡಿದ ಬಟ್ಟೆಯಲ್ಲಿ ಮೈಕಿನ ಕಡೆಯಿಂದ ಪಿನ್ನಿನ ಕಡೆಗೆ ಒರೆಸುವುದು. ಉಲ್ಟಾ ಒರೆಸಿದರೆ ಕೊಳೆಯೆಲ್ಲ ಮೈಕಿನ ಬಾಯಿಗೆ ಸೇರುತ್ತದೆ. ತಲೆಯ ಟೊಪ್ಪಿಗೆ ಬಿಚ್ಚುವಂಥದ್ದಾದರೆ ಬಿಚ್ಚಿ ಅದನ್ನಷ್ಟೇ ಸ್ಪಿರಿಟ್ಟಿನಲ್ಲಿ ಅದ್ದಿ. ಮೈಕಿನ ರಂಧ್ರಕ್ಕೆ ಏನನ್ನೂ ಸುರಿಯಬಾರದು, ಬ್ಲೋಯರ್ ಹಿಡಿಯಬಾರದು. ಒಳಗಿನ ಪೊರೆ ಕೂದಲಿಗಿಂತ ತೆಳು, ಹರಿದೇ ಹೋಗುತ್ತದೆ. ಬೆವರು ಒಳಗೆ ಹೋಗಿ ಮಂಕಾದ ಮೈಕನ್ನು ಬಾಯಿ ಕೆಳಗೆ ಮಾಡಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಹೆಚ್ಚಿನವು ಮರಳಿ ಬರುತ್ತವೆ.

ಹ್ಯಾಂಡ್ ಮೈಕಿನ ಜಾಲರಿ ತಿರುಗಿಸಿ ಬಿಚ್ಚಿ, ಹಳೆಯ ಮೆತ್ತನೆ ಟೂತ್ ಬ್ರಷ್ಷಿನಲ್ಲಿ ಸೋಪಿನ ನೀರು ಹಾಕಿ ತೊಳೆಯಿರಿ. ಒಳಗಿನ ಸ್ಪಂಜನ್ನೂ ಹಿಂಡಿ ತೊಳೆದು, ಎರಡೂ ಪೂರ್ತಿ ಒಣಗಿದ ಮೇಲೇ ಹಾಕಬೇಕು. ರಸಮಂಜರಿಯ ವಿರಾಮದಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದ ಕೈಯಲ್ಲೇ ಹಿಡಿದ ಮೈಕಿಗೆ ಎಣ್ಣೆ ಹತ್ತಿರುತ್ತದೆ, ಅದರ ಮೇಲೆ ನಮ್ಮ ಬಯಲುಸೀಮೆಯ ಧೂಳು ಕೂತು ಜಾಲರಿಯ ಕಣ್ಣು ಮುಚ್ಚುತ್ತದೆ. ಹತ್ತು ಜನ ಉಗುಳು ತಾಗಿಸಿದ ಮೈಕನ್ನು ತೊಳೆಯದೆ ಹನ್ನೊಂದನೆಯವರ ಕೈಗೆ ಕೊಡುವುದು ಅವರಿಗೆ ಮಾಡುವ ಅವಮಾನ ಅಂತಲೇ ನನಗೆ ಅನಿಸುತ್ತದೆ.

ವೈರನ್ನು ಪ್ಯಾಕಿಗೆ ಬಿಗಿಯಾಗಿ ಸುತ್ತಿಡುವ ಅಭ್ಯಾಸ ಬಿಡಿ. ಅಂಗೈ ಅಗಲದ ಸಡಿಲ ಸುರುಳಿ ಮಾಡಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ, ಪಾತ್ರದ ಹೆಸರಿನ ಚೀಟಿಯ ಜೊತೆ. ಪೆಟ್ಟಿಗೆಯ ನಾಲ್ಕು ಮೂಲೆಗೆ ಸಿಲಿಕಾ ಜೆಲ್ಲಿನ ಪೊಟ್ಟಣ. ಬಣ್ಣ ಬದಲಿಸುವ ಬಗೆಯ ಹರಳಾದರೆ ನೀಲಿ ಇರುವವರೆಗೆ ಸರಿ, ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಆ ಬಾಣಲೆ ಅಡುಗೆಗೆ ಮತ್ತೆ ಬೇಡ.